ಮೈಸೂರು ರೈಲಿನ ಹಳೆಯ ಉಗಿಬಂಡಿಗಳು ಎಲ್ಲಿವೆ?

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮಕ್ಕಳಿಗೆ ಇಂದು ರೈಲು ಹೊಸದಲ್ಲ. ಬೆಂಗಳೂರು-ಹಾಸನ ಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಪಕ್ಕದ ಬಿ.ಜಿ. ನಗರದ ನಿಲ್ದಾಣದಲ್ಲೇ ರೈಲು ನಿಲ್ಲುತ್ತದೆ. ಆದರೆ ಅದೇ ಊರಿನ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ. ರೈಲು ನೋಡಬೇಕೆಂದರೆ ಬಸ್ಸು ಹಿಡಿದು ಮಂಡ್ಯಕ್ಕೋ ಪಾಂಡವಪುರಕ್ಕೋ ಹೋಗಬೇಕಿತ್ತು. ಅಲ್ಲಿ ದೂರದಲ್ಲಿ ಮೊದಲು ಹೊಗೆ ಕಾಣುತ್ತಿತ್ತು, ಆಮೇಲೆ ಕೂಗು ಕೇಳುತ್ತಿತ್ತು, ಕೊನೆಗೆ ನೆಲ ನಡುಗಿಸುತ್ತ ಕರಿಯ ಎಂಜಿನ್ ಬಂದು ನಿಲ್ಲುತ್ತಿತ್ತು. ಕಿಟಕಿ ಪಕ್ಕ ಕೂತವರ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳುವುದೂ ಪ್ರಯಾಣದ ಒಂದು ಭಾಗವೇ ಆಗಿತ್ತು.

ಆ ಎಂಜಿನ್‌ಗಳೆಲ್ಲ ಎಲ್ಲಿ ಹೋದವು? ಒಂದಾದರೂ ಉಳಿದಿದೆಯೇ? ಉಳಿದಿದ್ದರೆ ಅದು ನಮ್ಮದೇ ಎಂದು ಗುರುತಿಸುವುದು ಹೇಗೆ?

ಬರಗಾಲದಲ್ಲಿ ಹುಟ್ಟಿದ ದಾರಿ

ಮೈಸೂರು ಸಂಸ್ಥಾನದ ರೈಲಿನ ಕಥೆ ಆರಂಭವಾಗುವುದು ಸಂಕಟದ ಕಾಲದಲ್ಲಿ. 1876-78ರ ಭೀಕರ ಕ್ಷಾಮ ಸಂಸ್ಥಾನದ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಬೇಗ ಸಾಗಿಸುವ ದಾರಿ ಬೇಕು ಎಂಬ ಪಾಠವನ್ನು ಆ ಬರ ಕಲಿಸಿತು. ಬೆಂಗಳೂರು-ಮೈಸೂರು ನಡುವಿನ ಸುಮಾರು 86 ಮೈಲಿಯ ಮೀಟರ್ ಗೇಜ್ ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ರಂಗಾಚಾರ್ಲು ಅವರು ಆಗ ದಿವಾನರಾಗಿದ್ದರು.

ಈ ದಾರಿ ಮಂಡ್ಯ ದಾಟಿ ಫ್ರೆಂಚ್ ರಾಕ್ಸ್ ಮುಟ್ಟುತ್ತಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬಂದ ಆ ಹೆಸರು ಮುಂದೆ ಪಾಂಡವಪುರವಾಯಿತು. ಅಲ್ಲಿಂದ ಕಾವೇರಿ ದಾಟಿ ಶ್ರೀರಂಗಪಟ್ಟಣದ ಕೋಟೆಯೊಳಗೇ ರೈಲು ನುಗ್ಗುತ್ತದೆ. ಕೋಟೆಗೂ ರೈಲಿಗೂ ಇರುವ ಈ ನಂಟು ಎಷ್ಟು ಹತ್ತಿರದ್ದೆಂದರೆ, ಜೋಡಿ ಹಳಿ ಹಾಕುವಾಗ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಎತ್ತಿ ಬೇರೆ ಜಾಗಕ್ಕೆ ಸರಿಸಬೇಕಾಯಿತು.

ಆಡಳಿತ ಹಲವು ಸಲ ಕೈ ಬದಲಾಯಿಸಿತು. 1886ರಲ್ಲಿ ಮಾರ್ಗ ಸದರನ್ ಮರಾಠಾ ರೈಲ್ವೆ ಕಂಪನಿಯ ಕೈಗೆ ಹೋಯಿತು. 1919ರಲ್ಲಿ ಸಂಸ್ಥಾನವೇ ಅದನ್ನು ಮತ್ತೆ ನಡೆಸತೊಡಗಿತು. ಅಷ್ಟರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಗಳನ್ನು ಹಾದುಹೋಗುವ ಮೈಸೂರು-ಅರಸೀಕೆರೆ ಮಾರ್ಗವೂ ಬಂದಿತ್ತು. ಬೌರಿಂಗ್‌ಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ನ್ಯಾರೋ ಗೇಜ್ ಬಂಡಿಗಳು ಓಡುತ್ತಿದ್ದವು. ತರೀಕೆರೆಯಿಂದ ನರಸಿಂಹರಾಜಪುರದ ಕಾಡಿನತ್ತ ಇನ್ನೂ ಪುಟ್ಟದೊಂದು ಟ್ರಾಮ್ ಮಾರ್ಗವಿತ್ತು.

1950ರಲ್ಲಿ ಮೈಸೂರು ಸ್ಟೇಟ್ ರೈಲ್ವೆ ಕೇಂದ್ರ ಸರ್ಕಾರಕ್ಕೆ ಸೇರಿತು. 1951ರ ಏಪ್ರಿಲ್ 14ರಂದು ಅದು ದಕ್ಷಿಣ ರೈಲ್ವೆಯಲ್ಲಿ ಕರಗಿಹೋಯಿತು. ಹಳಿ ಉಳಿಯಿತು, ನಿಲ್ದಾಣ ಉಳಿಯಿತು, ಹೆಸರು ಅಳಿಯಿತು.

ಗುಜರಿಗೆ ಹೋದ ದೈತ್ಯರು

ಎಂಜಿನ್‌ಗಳು ಉಳಿಯದಿರಲು ಕಾರಣಗಳು ಹಲವು. ಸ್ವಾತಂತ್ರ್ಯಾನಂತರ ದೇಶಕ್ಕೆಲ್ಲ ಒಂದೇ ಮಾದರಿಯ ಎಂಜಿನ್‌ಗಳು ಬಂದವು. ಮೀಟರ್ ಗೇಜ್‌ನಲ್ಲಿ ಪ್ರಯಾಣಿಕರ ಗಾಡಿಗೆ ‘ವೈಪಿ’, ಸರಕಿನ ಗಾಡಿಗೆ ‘ವೈಜಿ’. ಬಿಡಿಭಾಗ ಸಿಗದ ಹಳೆಯ ಸಂಸ್ಥಾನದ ಎಂಜಿನ್‌ಗಳು ಶಂಟಿಂಗ್ ಕೆಲಸಕ್ಕೆ ಇಳಿದವು. ಅಲ್ಲಿಂದ ಷೆಡ್ಡಿನ ಮೂಲೆಗೆ, ಮೂಲೆಯಿಂದ ಹರಾಜಿಗೆ.

ಹರಾಜಿನಲ್ಲಿ ಕೊಳ್ಳುವವರಿಗೆ ಅವು ಎಂಜಿನ್ ಅಲ್ಲ, ಲೋಹ. ಹಳೆಯ ಎಂಜಿನ್‌ಗಳಲ್ಲಿ ಕಲ್ಲಿದ್ದಲು ಉರಿಯುವ ಒಲೆಪೆಟ್ಟಿಗೆಯನ್ನು ತಾಮ್ರದಿಂದ ಮಾಡುತ್ತಿದ್ದರು. ಕೊಳಾಯಿಗಳಲ್ಲಿ ಹಿತ್ತಾಳೆ ಇರುತ್ತಿತ್ತು. ಮೊದಲು ಬೆಲೆ ಸಿಕ್ಕಿದ್ದು ಅವಕ್ಕೇ. ಉಳಿದದ್ದು ಕುಲುಮೆಗೆ ಹೋಯಿತು. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಉಗಿ ಎಂಜಿನ್ ತಯಾರಿಸುವುದನ್ನೇ ನಿಲ್ಲಿಸಿತು. ಬೆಂಗಳೂರು-ಮೈಸೂರು ಮಾರ್ಗ 1993ರಲ್ಲಿ ಬ್ರಾಡ್ ಗೇಜ್ ಆದಾಗ, ಹಳೆಯ ಎಂಜಿನ್ ಓಡಿಸೋಣವೆಂದರೂ ಅದಕ್ಕೆ ತಕ್ಕ ಹಳಿ ಇಲ್ಲದಾಯಿತು. 2013ರಲ್ಲಿ ಕೋಲಾರ-ಚಿಕ್ಕಬಳ್ಳಾಪುರದ ಹಳಿಯೂ ಅಗಲವಾಯಿತು.

ಪತ್ತೇದಾರಿ ಕೆಲಸ

ಉಳಿದ ಎಂಜಿನ್ ಒಂದು ಕಣ್ಣಿಗೆ ಬಿತ್ತು ಎನ್ನೋಣ. ಅದರ ಕುಲಗೋತ್ರ ತಿಳಿಯುವುದು ಹೇಗೆ? ಮೈ ಮೇಲೆ ಬರೆದ ನಂಬರನ್ನು ಮಾತ್ರ ನಂಬುವಂತಿಲ್ಲ. ಒಡೆಯರು ಬದಲಾದಾಗ ನಂಬರೂ ಬದಲಾಗುತ್ತಿತ್ತು. 1957ರಲ್ಲಿ ದೇಶದ ಎಂಜಿನ್‌ಗಳಿಗೆಲ್ಲ ಹೊಸ ನಂಬರಿನ ಕ್ರಮವೇ ಬಂತು. ಹೀಗೆ ಒಂದೇ ಎಂಜಿನ್ ಎರಡು ಮೂರು ನಂಬರುಗಳಲ್ಲಿ ದಾಖಲೆಗೆ ಸಿಗಬಹುದು.

ಬದಲಾಗದಿರುವುದು ತಯಾರಕರ ಕ್ರಮಸಂಖ್ಯೆ. ಕಾರ್ಖಾನೆ ಕೂರಿಸಿದ ಲೋಹದ ಫಲಕದಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ವರ್ಷ ಇರುತ್ತವೆ. ಆದರೆ ಕಳ್ಳರ ಕಣ್ಣು ಬೀಳುವುದೂ ಆ ಫಲಕದ ಮೇಲೆಯೇ. ಅದು ಇಲ್ಲದಿದ್ದರೆ ಗಾಲಿಗಳನ್ನು ಜೋಡಿಸುವ ಸರಳುಗಳನ್ನು ಉಜ್ಜಿ ನೋಡುತ್ತಾರೆ. ರಿಪೇರಿ ಮಾಡುವವರು ಬಿಡಿಭಾಗಗಳು ಕಲಸಿಹೋಗದಿರಲಿ ಎಂದು ಅವುಗಳ ಮೇಲೆ ಎಂಜಿನ್ ನಂಬರು ಒತ್ತುತ್ತಿದ್ದರು. ಇಲ್ಲೂ ಎಚ್ಚರ ಬೇಕು. ಒಂದರ ಬಾಯ್ಲರ್ ಇನ್ನೊಂದಕ್ಕೆ, ಇನ್ನೊಂದರ ಸರಳು ಮತ್ತೊಂದಕ್ಕೆ ಹೋಗುವುದು ವರ್ಕ್‌ಷಾಪಿನಲ್ಲಿ ಮಾಮೂಲು. ಆದ್ದರಿಂದ ಒಂದು ಗುರುತು ಸಾಲದು, ಎರಡು ಮೂರು ಗುರುತುಗಳು ಒಂದೇ ಮಾತು ಹೇಳಬೇಕು.

ಮೈಸೂರಿನ ಅಂಗಳದಲ್ಲಿ

ಈ ಪಾಠವನ್ನು ಕಣ್ಣಾರೆ ಕಲಿಯಲು ಮೈಸೂರಿನ ರೈಲ್ವೆ ಮ್ಯೂಸಿಯಂಗಿಂತ ಒಳ್ಳೆಯ ಜಾಗವಿಲ್ಲ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ಬಂತು. ಅದಾದ ಎರಡೇ ವರ್ಷಕ್ಕೆ, 1979ರಲ್ಲಿ, ಮೈಸೂರಿನದು ಆರಂಭವಾಯಿತು. ಸಮಯ ಸರಿಯಾಗಿತ್ತು. ಉಗಿಬಂಡಿಗಳು ಇನ್ನೂ ಓಡುತ್ತಿದ್ದವು, ಹಳೆಯವು ಷೆಡ್ಡುಗಳಲ್ಲಿ ಹರಾಜು ಕಾಯುತ್ತಿದ್ದವು. ಹತ್ತು ಹದಿನೈದು ವರ್ಷ ತಡವಾಗಿದ್ದರೆ ತಂದಿಡಲು ಹೆಚ್ಚೇನೂ ಸಿಗುತ್ತಿರಲಿಲ್ಲ.

ಅರಮನೆಯವರ ಸಲೂನ್ ಗಾಡಿ ನೋಡಲು ಜನ ಮುಗಿಬೀಳುತ್ತಾರೆ. ಮಹಾರಾಜರ 1899ರ ಇನ್ನೊಂದು ಸಲೂನ್ ದೆಹಲಿಯಲ್ಲಿದೆ. ಆದರೆ ಅಂಗಳದ ‘ಇಎಸ್ 506’ರ ಮುಂದೆ ಹತ್ತು ನಿಮಿಷ ನಿಲ್ಲುವ ವಿದ್ಯಾರ್ಥಿ ಅದರಿಂದ ಬಹಳ ಕಲಿಯಬಹುದು. ಮೊದಲು ಅಕ್ಷರ ನೋಡಬೇಕು. ಭಾರತೀಯ ರೈಲ್ವೆಯ ಏಕರೂಪ ವರ್ಗಗಳಲ್ಲಿ ಮೀಟರ್ ಗೇಜ್ ಎಂಜಿನ್ನಿನ ಹೆಸರು ‘ವೈ’ಯಿಂದಲೂ, ಎರಡೂವರೆ ಅಡಿಯ ನ್ಯಾರೋ ಗೇಜಿನದು ‘ಝಡ್’ನಿಂದಲೂ ಆರಂಭವಾಗುತ್ತದೆ. ಇದು ಎರಡೂ ಅಲ್ಲ. ಅಂದರೆ ಆ ಏಕರೂಪಕ್ಕೆ ಸೇರದ ಹಳೆಯ ಪದ್ಧತಿಯ ಹೆಸರಿದು. ಹಳೆಯ ವರ್ಗಗಳ ಕೊನೆಯಲ್ಲಿ ಬರುವ ‘ಎಸ್’ ಸಾಮಾನ್ಯವಾಗಿ ಸೂಪರ್‌ಹೀಟರ್ ಇರುವುದನ್ನು ಸೂಚಿಸುತ್ತದೆ. ಬಾಯ್ಲರಿನಿಂದ ಬಂದ ಉಗಿಯನ್ನು ಮತ್ತೊಮ್ಮೆ ಕಾಯಿಸಿ, ಅದರ ಪಸೆ ಕಳೆದು ಸಿಲಿಂಡರಿಗೆ ಕಳಿಸುವ ಉಪಾಯ ಅದು. ಇದರಿಂದ ಕಲ್ಲಿದ್ದಲೂ ನೀರೂ ಉಳಿಯುತ್ತಿದ್ದವು.

ಆಮೇಲೆ ಗಾಲಿ ಎಣಿಸಬೇಕು. ಇದು 4-6-2 ಜೋಡಣೆ. ಮುಂದೆ ತಿರುವಿನಲ್ಲಿ ದಾರಿ ತೋರಿಸುವ ನಾಲ್ಕು ಸಣ್ಣ ಗಾಲಿ, ನಡುವೆ ಎಂಜಿನ್ನನ್ನು ಎಳೆಯುವ ಆರು ದೊಡ್ಡ ಗಾಲಿ, ಹಿಂದೆ ಒಲೆಪೆಟ್ಟಿಗೆಯ ಭಾರ ಹೊರುವ ಎರಡು ಗಾಲಿ. ಕೊನೆಗೆ ಹಳಿಯ ಒಳ ಅಂಚಿನಿಂದ ಒಳ ಅಂಚಿಗೆ ಟೇಪು ಹಿಡಿದರೆ ಗೇಜ್ ತಿಳಿಯುತ್ತದೆ: 1000 ಮಿಲಿಮೀಟರ್ ಇದ್ದರೆ ಮೀಟರ್ ಗೇಜ್, 762 ಇದ್ದರೆ ನ್ಯಾರೋ, 1676 ಇದ್ದರೆ ಬ್ರಾಡ್. ಅಕ್ಷರ, ಗಾಲಿ, ಅಳತೆ ಮೂರನ್ನೂ ಬರೆದುಕೊಂಡ ವಿದ್ಯಾರ್ಥಿ ತನಿಖೆಯ ಅರ್ಧ ದಾರಿ ಸವೆಸಿದಂತೆ.

ಉಳಿಸಿಕೊಳ್ಳುವ ಬಗೆ

ನಿಂತ ಎಂಜಿನ್ನಿಗೆ ಬೆಂಕಿಯ ಭಯವಿಲ್ಲ, ಮಳೆಯದೇ ಭಯ. ಬಣ್ಣದ ಕೆಳಗೆ ತುಕ್ಕು ಸದ್ದಿಲ್ಲದೆ ಬೆಳೆಯುತ್ತದೆ. ಎಂಜಿನ್ನನ್ನು ಮತ್ತೆ ಓಡಿಸುವುದು ಇನ್ನೂ ಕಷ್ಟ. ಒಳಗಿನ ಕೊಳವೆ ತೆಳುವಾಗಿದ್ದರೆ ಒತ್ತಡಕ್ಕೆ ಬಾಯ್ಲರ್ ಸಿಡಿದೀತು; ಆದ್ದರಿಂದ ಪರೀಕ್ಷೆಯಿಲ್ಲದೆ ಒಲೆ ಹಚ್ಚುವಂತಿಲ್ಲ. ಜೀವಂತ ಉಗಿಬಂಡಿ ನೋಡುವ ಆಸೆಯಿದ್ದವರು ನೀಲಗಿರಿಗೆ ಹೋಗಬಹುದು. ಮೆಟ್ಟುಪಾಳ್ಯಂ-ಕೂನೂರು ನಡುವಿನ ಕಡಿದಾದ ಏರಿನ ಆ ದಾರಿ ಹಲ್ಲುಹಳಿಗೂ ಉಗಿ ಎಂಜಿನ್ನಿಗೂ ಹೆಸರಾದದ್ದು; 2005ರಲ್ಲಿ ಅದು ಯುನೆಸ್ಕೋ ಪಟ್ಟಿಗೂ ಸೇರಿತು. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ರೈಲ್ವೆ ಮ್ಯೂಸಿಯಂ ತೆರೆದಿದೆ.

ಆದರೆ ಕಬ್ಬಿಣಕ್ಕಿಂತ ಬೇಗ ಕರಗುವ ವಸ್ತು ಒಂದಿದೆ. ಅದು ನೆನಪು. ಬೆಂಕಿಯ ಬಣ್ಣ ನೋಡಿ ಎಷ್ಟು ಸಲಿಕೆ ಕಲ್ಲಿದ್ದಲು ಬೇಕೆಂದು ಹೇಳುತ್ತಿದ್ದ ಫೈರ್‌ಮನ್, ಏರು ಬರುವ ಮೊದಲೇ ಉಗಿ ಕೂಡಿಟ್ಟುಕೊಳ್ಳುತ್ತಿದ್ದ ಡ್ರೈವರ್, ಗಾಲಿಗೆ ಸುತ್ತಿಗೆ ತಾಗಿಸಿ ಸದ್ದಿನಲ್ಲೇ ಬಿರುಕು ಗುರುತಿಸುತ್ತಿದ್ದ ಕೆಲಸಗಾರ, ಇವರಲ್ಲಿ ಉಳಿದವರಿಗೆಲ್ಲ ಈಗ ವಯಸ್ಸಾಗಿದೆ. ಅವರ ಮನೆಯ ಪೆಟ್ಟಿಗೆಯಲ್ಲಿರುವ ಡ್ಯೂಟಿ ಪುಸ್ತಕ, ಎಂಜಿನ್ ಮುಂದೆ ನಿಂತು ತೆಗೆಸಿಕೊಂಡ ಕಪ್ಪು-ಬಿಳುಪು ಫೋಟೋ ಯಾವ ಮ್ಯೂಸಿಯಂನಲ್ಲೂ ಸಿಗುವುದಿಲ್ಲ. ಆ ಫೋಟೋದಲ್ಲಿ ಎಂಜಿನ್ ನಂಬರು ಓದಲು ಬಂದರೆ, ಕಳೆದುಹೋದ ಒಂದು ಎಂಜಿನ್ ಯಾವ ಊರಿನಲ್ಲಿ ಓಡುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವ ತಂದೆ-ತಾಯಿ ಪುಟಾಣಿ ರೈಲಿನ ಒಂದು ಸುತ್ತು ಮುಗಿದ ಕೂಡಲೇ ಹೊರಡಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಟೇಪು ಜೊತೆಗಿರಲಿ. ಸಾಧ್ಯವಾದರೆ ಮನೆಯ ಹಿರಿಯರೊಬ್ಬರೂ ಜೊತೆಗಿರಲಿ. ತಣ್ಣಗಾದ ಎಂಜಿನ್ನಿನ ಮೇಲೆ ಕೈಯಿಟ್ಟು ಅಜ್ಜ ಏನೋ ನೆನಪು ಮಾಡಿಕೊಳ್ಳತೊಡಗಿದರೆ, ಆಗ ನೋಟ್‌ಬುಕ್ ತೆರೆಯಬೇಕು.