ಕಸಿದ ನೆಲವನ್ನು ಮಹಡಿಯ ಮೇಲೆ ಮರಳಿಸುವವರು

ಸಿಂಗಪುರದ ತಾಂಜೊಂಗ್ ಪಗಾರ್ ಎಂದರೆ ಬ್ಯಾಂಕು, ಕಚೇರಿಗಳ ಗಾಜಿನ ಗೋಪುರಗಳು ಒತ್ತೊತ್ತಾಗಿ ನಿಂತ ಪ್ರದೇಶ. ಅವುಗಳ ನಡುವೆ ಒಂದು ಕೆಂಪು ಗೋಪುರ ಎಷ್ಟು ದೂರದಿಂದ ನೋಡಿದರೂ ಕಣ್ಣು ಸೆಳೆಯುತ್ತದೆ. ಅಡಿಯಿಂದ ಮುಡಿಯವರೆಗೆ ಅಲ್ಯೂಮಿನಿಯಂ ಜಾಲರಿ ಹೊದ್ದಿರುವ ಈ ಗೋಪುರ 27 ಮಹಡಿಯ ಒಯೇಸಿಯಾ ಹೋಟೆಲ್, 2016ರಲ್ಲಿ ತೆರೆದದ್ದು. ಜಾಲರಿಯ ತುಂಬ ಬಳ್ಳಿಗಳು. ವಾಂಗ್ ಮುನ್ ಸಮ್ ಮತ್ತು ರಿಚರ್ಡ್ ಹ್ಯಾಸೆಲ್ ಎಂಬ ಇಬ್ಬರು ವಾಸ್ತುಶಿಲ್ಪಿಗಳ 'ವೋಹಾ' ಸಂಸ್ಥೆ ಇದನ್ನು ವಿನ್ಯಾಸಗೊಳಿಸಿತು. ಒಂದೇ ಜಾತಿಯ ಬಳ್ಳಿಯನ್ನು ನೆಟ್ಟು ಸಾಲಾಗಿ ಬೆಳೆಸುವ ಬದಲು ಅವರು 21 ಜಾತಿಯ ಬಳ್ಳಿಗಳನ್ನು ಬೆರೆಸಿ ಹಬ್ಬಿಸಿದರು. ಬಿಸಿಲು ಬೇಕಾದದ್ದು ಬಿಸಿಲಿನ ಕಡೆ, ನೆರಳು ಒಗ್ಗುವುದು ನೆರಳಿನ ಕಡೆ ತಾನಾಗಿಯೇ ನೆಲೆ ಕಂಡುಕೊಳ್ಳಲಿ ಎಂಬುದು ಅವರ ಎಣಿಕೆ. ಹಿತ್ತಲಿನ ಚಪ್ಪರಕ್ಕೆ ಅವರೆ, ಹೀರೆ, ತೊಂಡೆ ಮೂರನ್ನೂ ಬಿಟ್ಟು ಯಾವುದು ಎಲ್ಲಿಗೆ ಹಬ್ಬುತ್ತದೋ ನೋಡುವ ನಮ್ಮ ಅಜ್ಜಿಯರ ಜಾಣ್ಮೆಯನ್ನೇ ನೂರತೊಂಬತ್ತು ಮೀಟರ್ ಎತ್ತರಕ್ಕೆ ಏರಿಸಿದ ಹಾಗೆ.

ಗೋಪುರದ ಮಧ್ಯೆ ಅಲ್ಲಲ್ಲಿ ಹಲವು ಮಹಡಿಗಳಷ್ಟು ಎತ್ತರದ ತೆರವು ಬಿಟ್ಟಿದ್ದಾರೆ. ಅಲ್ಲೆಲ್ಲ ತೋಟಗಳಿವೆ. ಪಕ್ಕಕ್ಕೆ ಗೋಡೆಯಿಲ್ಲದ್ದರಿಂದ ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಇಲ್ಲಿನ ಹಸಿರನ್ನೆಲ್ಲ ಕೂಡಿಸಿದರೆ ಅದು ಕಟ್ಟಡ ನಿಂತ ನೆಲದ ಹತ್ತು ಪಟ್ಟನ್ನೂ ಮೀರುತ್ತದೆ.

ಭವಿಷ್ಯದ ನಗರ ಹೇಗಿರುತ್ತದೆ ಎಂದು ಕೇಳಿದರೆ ಇವತ್ತು ಕಂಪ್ಯೂಟರು ಕ್ಷಣದಲ್ಲಿ ಚಿತ್ರ ಬಿಡಿಸಿ ಕೊಡುತ್ತದೆ: ಮೋಡ ಮುಟ್ಟುವ ಗೋಪುರ, ಪ್ರತಿ ಮಹಡಿಯಲ್ಲೂ ದಟ್ಟ ಮರ, ನಡುವೆ ಧುಮುಕುವ ಜಲಪಾತ. ಆ ಚಿತ್ರಗಳಲ್ಲಿ ಎಲೆ ಉದುರುವುದಿಲ್ಲ, ಸೊಳ್ಳೆ ಇರುವುದಿಲ್ಲ, ನೀರು ಹಾಕುವವರಂತೂ ಕಾಣುವುದೇ ಇಲ್ಲ. ಕಲ್ಪನೆಯ ಬಗ್ಗೆ ನನಗೆ ತಕರಾರಿಲ್ಲ. ಮಲೇಷ್ಯಾದ ಕೆನ್ ಯಾಂಗ್ ಗೋಪುರದ ಮೈಮೇಲೆ ಗಿಡ ಬೆಳೆಸುವ ಮಾತಾಡಿದಾಗ ಅದೂ ಕಲ್ಪನೆಯೇ ಆಗಿತ್ತು. 1992ರಲ್ಲಿ ಕ್ವಾಲಾಲಂಪುರದ ಬಳಿ ಮೆನಾರಾ ಮೆಸಿನಿಯಾಗ ಕಟ್ಟಿ, ಸುತ್ತಿ ಸುತ್ತಿ ಮೇಲೇರುವ ತೋಟಗಳನ್ನು ಅವರು ಅದರಲ್ಲಿ ಮಾಡಿ ತೋರಿಸಿದರು. ಆಮೇಲೆ ಸಿಂಗಪುರದ ಸೊಲಾರಿಸ್ ಕಟ್ಟಡದಲ್ಲಿ ನೆಲದಿಂದ ತಾರಸಿಯವರೆಗೆ ಎಲ್ಲೂ ಕಡಿಯದೆ ಸಾಗುವ ಒಂದೂವರೆ ಕಿಲೋಮೀಟರ್ ಉದ್ದದ ಹಸಿರು ಹಾದಿ ಸುತ್ತಿಸಿದರು. ಕಡಿಯದೆ ಸಾಗುವುದು ಯಾಕೆ ಮುಖ್ಯವೆಂದರೆ, ಪ್ರತ್ಯೇಕ ಕುಂಡಗಳಲ್ಲಿ ಗಿಡಗಳು ಒಂಟಿಯಾಗುತ್ತವೆ. ಮಣ್ಣು ಒಂದಕ್ಕೊಂದು ಸೇರಿಕೊಂಡಿದ್ದರೆ ಹುಳು, ಹುಪ್ಪಟೆ, ಚಿಟ್ಟೆಗಳಿಗೂ ಓಡಾಡುವ ದಾರಿಯಾಗುತ್ತದೆ.

ಆದರೆ ಒಬ್ಬಿಬ್ಬರು ಪ್ರತಿಭಾವಂತರಿಂದ ಒಂದು ನಗರ ಬದಲಾಗುವುದಿಲ್ಲ. ಸಿಂಗಪುರವನ್ನು ಬದಲಿಸಿದ್ದು ಒಂದು ನಿಯಮ. 2009ರಲ್ಲಿ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ 'ಲಷ್' ಎಂಬ ಯೋಜನೆ ತಂದಿತು. ನಗರದ ಮುಖ್ಯ ಭಾಗಗಳಲ್ಲಿ ಹೊಸದಾಗಿ ಕಟ್ಟುವವರು ತಮ್ಮ ಸೈಟಿನಷ್ಟೇ ವಿಸ್ತೀರ್ಣದ ಹಸಿರನ್ನು ಆ ಕಟ್ಟಡದಲ್ಲೇ ಎಲ್ಲಾದರೂ ಕೊಡಬೇಕು ಎಂಬುದು ಅದರ ತಿರುಳು. ತಾರಸಿಯಾಗಲಿ, ನಡುವಿನ ಮಹಡಿಯಾಗಲಿ, ಸಜ್ಜೆಯಾಗಲಿ. ಜೊತೆಗೆ ಉದ್ಯಾನ ಇಲಾಖೆ, ಹಳೆಯ ಕಟ್ಟಡಗಳ ಮೇಲೆ ತೋಟ ಮಾಡುವವರಿಗೆ ಖರ್ಚಿನ ಅರ್ಧದವರೆಗೆ ನೆರವು ಕೊಡತೊಡಗಿತು. 1967ರಲ್ಲೇ ಲೀ ಕ್ವಾನ್ ಯೂ ಉದ್ಯಾನ ನಗರದ ಮಾತಾಡಿ ರಸ್ತೆಬದಿಗೆ ಮಳೆಮರಗಳನ್ನು ನೆಡಿಸಿದ್ದ ದೇಶ ಅದು. ರಸ್ತೆಬದಿ ತುಂಬಿದ ಮೇಲೆ ಉಳಿದದ್ದು ಗೋಡೆ ಮತ್ತು ಸೂರು ಮಾತ್ರ. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ಕಟ್ಟಡಕ್ಕೂ ನೆಲಕ್ಕೂ ನಡುವೆ ಅವರು ಕಂಡ ಋಣದ ಸಂಬಂಧ. ನೆಲ ತಗೊಂಡೆಯಾ, ಅಷ್ಟನ್ನು ವಾಪಸು ಕೊಡು.

ವಾಪಸು ಕೊಡುವುದು ಸುಲಭದ ಕೆಲಸವಲ್ಲ. ನೀರು ಕುಡಿದ ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಮರ ಬೆಳೆದಂತೆ ಅದರ ಭಾರವೂ, ಗಾಳಿಗೆ ಅದು ಕೊಡುವ ಎಳೆತವೂ ಹೆಚ್ಚುತ್ತವೆ. ಬೇರು ಸಿಮೆಂಟಿನ ಬಿರುಕು ಹುಡುಕುತ್ತದೆ. ಮಿಲಾನ್ ನಗರದ 'ಬೊಸ್ಕೊ ವರ್ಟಿಕಾಲೆ' ಜೋಡಿ ಗೋಪುರಗಳಲ್ಲಿ ಸ್ಟೆಫಾನೊ ಬೊಯೇರಿ ಸುಮಾರು 800 ಮರಗಳನ್ನು ಸಜ್ಜೆಗಳ ಮೇಲೆ ನಿಲ್ಲಿಸಿದರು. ಗೋಪುರಗಳು ಪೂರ್ಣಗೊಂಡದ್ದು 2014ರಲ್ಲಿ. ಮರಗಳನ್ನು ಅದಕ್ಕೂ ವರ್ಷಗಳ ಮುಂಚೆಯೇ ನರ್ಸರಿಯಲ್ಲಿ ಅದಕ್ಕೆಂದೇ ಪಳಗಿಸಿ ಬೆಳೆಸಲಾಗಿತ್ತು. ಗಾಳಿಯ ಹೊಡೆತಕ್ಕೆ ಅವು ತಡೆದಾವೇ ಎಂದು ಪರೀಕ್ಷೆ ಮಾಡಿ, ಬೇರಿನ ಹೆಂಟೆಯನ್ನು ಉಕ್ಕಿನ ಹಗ್ಗಗಳಿಂದ ಬಿಗಿದರು. ಮನೆ ಕೊಂಡವರಿಗೆ ಆ ಮರ ಕಡಿಯುವ ಹಕ್ಕಿಲ್ಲ. ಅದರ ಆರೈಕೆ ಇಡೀ ಕಟ್ಟಡದ ಸಾಮೂಹಿಕ ಹೊಣೆ. ಕಾಲಕಾಲಕ್ಕೆ ಮಾಲಿಗಳು ತಾರಸಿಯಿಂದ ಹಗ್ಗ ಕಟ್ಟಿಕೊಂಡು ಇಳಿದು, ನೇತಾಡುತ್ತಲೇ ಕೊಂಬೆ ಸವರುತ್ತಾರೆ. ಇಂಥ ಕಟ್ಟಡಗಳ ಬಗ್ಗೆ ಬರೆಯುವಾಗ ವಾಸ್ತುಶಿಲ್ಪಿಯ ಹೆಸರು ಮೊದಲು ಬರುತ್ತದೆ. ಅದನ್ನು ಹತ್ತು ವರ್ಷ ಬದುಕಿಸುವುದು ಮಾತ್ರ ಈ ಹಗ್ಗದ ಮಾಲಿಗಳು.

ಆರೈಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ಚೆಂಗ್ಡು ಸಾಕ್ಷಿ. 2018ರಲ್ಲಿ ಅಲ್ಲಿ ಕಟ್ಟಿದ ಒಂದು ವಸತಿ ಸಮುಚ್ಚಯದ ಪ್ರತಿ ಸಜ್ಜೆಯಲ್ಲೂ ಗಿಡಗಳಿದ್ದವು. 800ಕ್ಕೂ ಹೆಚ್ಚು ಮನೆಗಳು ಮಾರಾಟವಾದವು. ಎರಡು ವರ್ಷದ ನಂತರ ಅಲ್ಲಿ ವಾಸಕ್ಕೆ ಬಂದಿದ್ದವರು ಸುಮಾರು ಹತ್ತು ಕುಟುಂಬ ಮಾತ್ರ ಎಂದು ವರದಿಯಾಯಿತು. ಜನರಿಲ್ಲದ ಮನೆಗಳಲ್ಲಿ ಗಿಡಗಳು ಕಿಟಕಿಗಳನ್ನು ನುಂಗಿ ಸಜ್ಜೆಯಾಚೆಗೆ ಜೋತುಬಿದ್ದವು, ಸೊಳ್ಳೆಗಳು ಮುತ್ತಿದವು. ಆ ಚಿತ್ರಗಳನ್ನು ನೋಡಿ ಹಸಿರು ಕಟ್ಟಡದ ಯೋಚನೆಯೇ ಹುಸಿ ಎಂದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಗಿಡಗಳು ಅಲ್ಲಿ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದವು. ಇಲ್ಲದೆ ಹೋದವರು ಮನುಷ್ಯರು.

ಸಿಂಗಪುರದ ಉತ್ತರ ತುದಿಯ ಯಿಶುನ್‌ನಲ್ಲಿ ಖೂ ತೆಕ್ ಪುಆಟ್ ಎಂಬ ಸಾರ್ವಜನಿಕ ಆಸ್ಪತ್ರೆಯಿದೆ. ತೆರೆದದ್ದು 2010ರಲ್ಲಿ. ಪಕ್ಕದ ಕೆರೆಯತ್ತ ತೆರೆದುಕೊಂಡ ಅಂಗಳ, ಪ್ರತಿ ಮಹಡಿಯ ಅಂಚಿನಲ್ಲೂ ಗಿಡಗಳು, ತಾರಸಿಯ ಮೇಲೆ ತರಕಾರಿ ತೋಟ. ಆ ತೋಟವನ್ನು ನೋಡಿಕೊಳ್ಳುವವರು ಸುತ್ತಮುತ್ತಲಿನ ಸ್ವಯಂಸೇವಕರು. ಯಾವ ಗಿಡಕ್ಕೆ ಯಾವ ಚಿಟ್ಟೆ ಬರುತ್ತದೆ ಎಂದು ನೋಡಿಯೇ ಇಲ್ಲಿ ಗಿಡಗಳನ್ನು ಆರಿಸಿದರು. ಆಸ್ಪತ್ರೆಗೆ ಚಿಟ್ಟೆ ಯಾಕೆ ಎಂದು ಕೇಳುವವರು 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನವನ್ನು ಓದಬೇಕು. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು, ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಪ್ರಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. ನಮ್ಮ ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಕಿಟಕಿಯಾಚೆಗೆ ಏನು ಕಾಣುತ್ತದೆ ಎಂದು ಇನ್ನೊಮ್ಮೆ ಹೋದಾಗ ನೋಡಿ.

ಅಲ್ಲಿಂದ ಸ್ವಲ್ಪ ದೂರದ ಕಂಪೊಂಗ್ ಅಡ್ಮಿರಾಲ್ಟಿಯದು ಇನ್ನೂ ಬಿಗಿಯಾದ ಲೆಕ್ಕ. ಒಂದು ಹೆಕ್ಟೇರೂ ಇಲ್ಲದ ಜಾಗದಲ್ಲಿ ಕೆಳಗೆ ಸಾರ್ವಜನಿಕ ಅಂಗಳ, ಮೇಲೆ ಊಟದಂಗಡಿಗಳ ಸಾಲು ಮತ್ತು ವೈದ್ಯಕೀಯ ಕೇಂದ್ರ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಇವುಗಳ ಪಕ್ಕದಲ್ಲಿ ವಯಸ್ಸಾದವರಿಗಾಗಿ 104 ಮನೆಗಳು. ವೋಹಾದ್ದೇ ಆದ ಈ ಕಟ್ಟಡಕ್ಕೆ 2018ರ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಅತ್ಯುತ್ತಮ ಕಟ್ಟಡವೆಂಬ ಪ್ರಶಸ್ತಿ ಬಂತು. ಸಿರಿವಂತರ ಹೋಟೆಲಿಗೆ ಸಿಕ್ಕ ಹಸಿರು ಪಿಂಚಣಿದಾರರ ಬಾಗಿಲಿಗೂ ಬಂದದ್ದೇ ನನಗೆ ದೊಡ್ಡ ಸಂಗತಿ.

ಸಿಂಗಪುರಕ್ಕೆ ಹೋಗಿಬಂದ ಕನ್ನಡಿಗರ ಮೊಬೈಲುಗಳಲ್ಲೆಲ್ಲ ಇರುವ ಚಿತ್ರ 'ಗಾರ್ಡನ್ಸ್ ಬೈ ದ ಬೇ'ಯ ಉಕ್ಕಿನ ಮಹಾವೃಕ್ಷಗಳದ್ದು. 2012ರಲ್ಲಿ ತೆರೆದ ಆ ತೋಟದಲ್ಲಿ ಇಂಥವು 18 ಇವೆ. ಎತ್ತರ 25ರಿಂದ 50 ಮೀಟರ್. ರಾತ್ರಿಯ ಬಣ್ಣದ ದೀಪಗಳಿಗಿಂತ ಅವುಗಳ ಒಳಗಿನ ಕೆಲಸವೇ ಹೆಚ್ಚು ಸ್ವಾರಸ್ಯ. ನಗರದಲ್ಲಿ ಸವರಿದ ಕೊಂಬೆರೆಂಬೆಗಳನ್ನು ಉರಿಸಿ ಪಕ್ಕದ ಗಾಜಿನ ಗುಮ್ಮಟಗಳನ್ನು ತಂಪಾಗಿಡುತ್ತಾರೆ, ಆ ಒಲೆಯ ಬಿಸಿಗಾಳಿ ಕೆಲವು ಮಹಾವೃಕ್ಷಗಳ ಮೂಲಕ ಹೊರಹೋಗುತ್ತದೆ. ಇನ್ನು ಕೆಲವು ತಲೆಯ ಮೇಲೆ ಸೌರಫಲಕ ಹೊತ್ತಿವೆ. ಇವುಗಳನ್ನು ರೂಪಿಸಿದ ಬ್ರಿಟನ್ನಿನ ಗ್ರಾಂಟ್ ಅಸೋಸಿಯೇಟ್ಸ್ ಸಂಸ್ಥೆಯೇ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ತೋಟಗಳನ್ನೂ ವಿನ್ಯಾಸಗೊಳಿಸಿತು. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಆ ಟರ್ಮಿನಲ್‌ನಲ್ಲಿ ಬಿದಿರು ಹೊದಿಸಿದ ಚಾವಣಿಯಿಂದ ಗಿಡಗಳು ಇಳಿಬಿದ್ದಿವೆ, ಕಟ್ಟಡಕ್ಕೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಮರಗಳ ಪಟ್ಟಿಯೊಂದು ಹಾದುಹೋಗುತ್ತದೆ. ಅಲ್ಲಿ ನಿಂತಾಗ ಹೆಮ್ಮೆಯಾಗುತ್ತದೆ. ಊರೊಳಗೆ ಬಂದರೆ, ಅಂಥ ಒಂದು ಗೋಡೆಯನ್ನು ಹುಡುಕಿ ಸುಸ್ತಾಗಬೇಕು.

ಸಿಂಗಪುರದ ಲೆಕ್ಕದಲ್ಲಿ ತೂತಿಲ್ಲವೆಂದಲ್ಲ. ಅಲ್ಲೀಗ ತೆಂಗಾ ಎಂಬಲ್ಲಿ ಸುಮಾರು 700 ಹೆಕ್ಟೇರಿನ 'ಅರಣ್ಯ ಪಟ್ಟಣ' ಮೇಲೇಳುತ್ತಿದೆ. ಯೋಜನೆಯಲ್ಲಿರುವುದು 42,000 ಮನೆಗಳು. ಅದಕ್ಕಾಗಿ ಸವರಿದ್ದು ದಶಕಗಳಿಂದ ತಾನಾಗಿ ಬೆಳೆದುಕೊಂಡಿದ್ದ ಕಾಡನ್ನೇ. ನೂರು ಮೀಟರ್ ಅಗಲದ ಒಂದು ಕಾಡಿನ ಓಣಿಯನ್ನು ಪ್ರಾಣಿಗಳಿಗೆಂದು ಉಳಿಸುತ್ತಿದ್ದಾರೆ. ಎಲೆಯ ವಿಸ್ತೀರ್ಣ ಅಳೆಯಬಹುದು. ಒಂದು ಕಾಡಿನೊಳಗೆ ಯಾರು ಯಾರನ್ನು ನೆಚ್ಚಿ ಬದುಕಿದ್ದರು ಎಂಬುದು ಆ ಅಳತೆಗೆ ಸಿಗುವುದಿಲ್ಲ. ಹಾಗಾಗಿ ಮಹಡಿಯ ತೋಟವನ್ನು ತೋರಿಸಿ ನೆಲದ ಕಾಡನ್ನು ಕಡಿಯಲು ಯಾರಾದರೂ ಅನುಮತಿ ಕೇಳಿದರೆ ಕೊಡಕೂಡದು. ತೆಗೆದುಕೊಂಡ ನೆಲದಷ್ಟು ಹಸಿರು ಕೊಡುವ ನಿಯಮ ಹೊಂದುವುದು ಈಗಾಗಲೇ ಸಿಮೆಂಟಿನಡಿ ಹೋದ ನೆಲಕ್ಕೆ.

ಬೆಂಗಳೂರಿನಲ್ಲಿ ಅಂಥ ನೆಲಕ್ಕೆ ಬರವೆಲ್ಲಿದೆ? ಇಂಥ ನಿಯಮ ಇಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ನಮ್ಮದೇ ಒಂದು ಉದಾಹರಣೆಯಿದೆ. 2009ರಲ್ಲಿ, ಸಿಂಗಪುರ ತನ್ನ ಯೋಜನೆ ತಂದ ವರ್ಷವೇ, ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. 30×40 ಅಡಿಯ ಸೈಟಿನಲ್ಲಿ ಹೊಸ ಮನೆ ಕಟ್ಟುವವರಿಗೂ ಅದು ಅನ್ವಯಿಸಿತು. ಗೊಣಗಿಕೊಂಡೇ ಆದರೂ ಸಾವಿರಾರು ಮನೆಗಳು ಪೈಪು ಜೋಡಿಸಿ, ಇಂಗುಗುಂಡಿ ತೋಡಿಸಿ, ಸಂಪಿಗೆ ಮಳೆನೀರು ಇಳಿಸಿದವು. ನಕ್ಷೆ ಮಂಜೂರು ಮಾಡುವಾಗ ಇನ್ನೊಂದು ಸಾಲು ಸೇರಿಸುವುದು ಅದಕ್ಕಿಂತ ಕಷ್ಟವೇನಲ್ಲ: ಕಟ್ಟಡ ಮುಚ್ಚಿದ ನೆಲದಲ್ಲಿ ಇಂತಿಷ್ಟು ಪಾಲು ಹಸಿರು ತಾರಸಿಯಲ್ಲೋ, ಪಡುವಣ ಗೋಡೆಯ ಬಳ್ಳಿಯಲ್ಲೋ ಇರಬೇಕು. ದೊಡ್ಡ ಟೆಕ್ ಪಾರ್ಕು, ಮಾಲ್, ಸರ್ಕಾರಿ ಕಚೇರಿಗಳಿಂದ ಶುರುಮಾಡಿ. ಮಾಲಿಗಳ ಸಂಬಳವನ್ನು ಮೊದಲ ದಿನದಿಂದಲೇ ನಿರ್ವಹಣೆಯ ಖರ್ಚಿನಲ್ಲಿ ಸೇರಿಸಿ. ನೀರಿಗೆ ಚಿಂತೆ ಬೇಡ. ಶುದ್ಧೀಕರಿಸಿದ ಬಳಕೆ ನೀರು ಈ ಊರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ದಿನವೂ ಬೇಕಾದಷ್ಟು ಮಿಗುತ್ತಿದೆ.