ಶ್ರದ್ಧೆಯೂ ಸಾಕ್ಷಿಯೂ



ದೇವರಿದ್ದಾನೆ ಎಂಬುದಕ್ಕೆ ಸಾಕ್ಷಿ ಏನು? ಕಲಿತ ತರುಣರು ತಂದೆತಾಯಿಗಳನ್ನು ಹೀಗೆ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಎಲ್ಲ ವಿಷಯಗಳಿಗೂ ಒಂದೇ ಬಗೆಯ ಸಾಕ್ಷಿ ಸಲ್ಲುವುದಿಲ್ಲ.

ಮಲೆಯ ಮಹದೇಶ್ವರರನ್ನೇ ನೋಡಿ. ಅವರು ಬಾಳಿದ ಕಾಲ ಯಾವುದು? ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೆ ಮುಗಿಯುವ ಕೆಲಸವಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಒಕ್ಕಲುಮಕ್ಕಳು ಆ ಚರ್ಚೆ ಮುಗಿಯಲೆಂದು ಕಾದು ಕುಳಿತಿಲ್ಲ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಎಪ್ಪತ್ತೇಳು ಮಲೆಯ ಹಾದಿ ಹಿಡಿಯುತ್ತಾರೆ. ದೀಕ್ಷೆ ಪಡೆದ ಕಂಸಾಳೆಯವನು ಭಿಕ್ಷೆ ಬೇಡಿ ಮಾದಪ್ಪನ ಕಥೆ ಹಾಡುತ್ತಾನೆ.

ಡೆನ್ಮಾರ್ಕ್ ದೇಶದ ಕಿರ್ಕೆಗಾರ್ಡ್ (1813–1855) ಎಂಬ ತತ್ತ್ವಜ್ಞಾನಿ 1846ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಿಚಾರಿಸಿದನು. ಇತಿಹಾಸದ ಸಂಶೋಧನೆ ಸತ್ಯದ ಹತ್ತಿರ ಬರಬಹುದು, ಪೂರ್ಣವಾಗಿ ಮುಟ್ಟಲಾರದು. ಮನುಷ್ಯನ ಆಯುಷ್ಯವೋ ಅಲ್ಪ. ಸಾಕ್ಷಿ ಪೂರ್ತಿಯಾಗಲಿ, ಆಮೇಲೆ ನಂಬುತ್ತೇನೆ ಎನ್ನುವವನು ಎಂದೂ ನಂಬಲಾರ. ಅನಿಶ್ಚಯವನ್ನು ಕಂಡೂ ಬಾಳನ್ನೆಲ್ಲ ಒಪ್ಪಿಸಿ ನಿಲ್ಲುವುದೇ ಶ್ರದ್ಧೆ ಎಂಬುದು ಅವನ ಅಭಿಪ್ರಾಯ. ಅವನು ವಿಚಾರಿಸಿದ್ದು ತನ್ನ ಕ್ರೈಸ್ತಧರ್ಮವನ್ನು ಕುರಿತು. ಆದರೂ ನಮಗೆ ಅದು ಹೊಸತಲ್ಲ. ಷಟ್‌ಸ್ಥಲದಲ್ಲಿ ಮೊದಲನೆಯದಾದ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಎರಡನೆಯದಾದ ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ. ಅನುಭಾವಭಕ್ತಿ ಬರುವುದು ನಾಲ್ಕನೆಯದಾದ ಪ್ರಾಣಲಿಂಗಿಸ್ಥಲದಲ್ಲಿ. ಅನುಭಾವವಾದ ಮೇಲೆ ನಂಬುತ್ತೇನೆ ಎಂದರೆ, ಏಣಿ ಹತ್ತದೆ ಅಟ್ಟ ಸೇರುತ್ತೇನೆ ಎಂದಂತೆ.

ಹಾಗಾದರೆ ಯಾರು ಏನನ್ನು ನಂಬಿದರೂ ಸರಿಯೇ? ಇಂಗ್ಲೆಂಡಿನ ಕ್ಲಿಫರ್ಡ್ ಎಂಬ ವಿದ್ವಾಂಸ 1877ರಲ್ಲಿ ಒಂದು ದೃಷ್ಟಾಂತ ಕೊಟ್ಟನು. ಹಳೆಯ ಹಡಗನ್ನು ಪರೀಕ್ಷಿಸದೆ, ಕ್ಷೇಮವಾಗಿ ಹೋದೀತೆಂದು ನಂಬಿ ಜನರನ್ನು ಕಳುಹಿಸಿದ ಒಡೆಯನೇ ಮುಳುಗಿದವರ ಸಾವಿಗೆ ಹೊಣೆ. ಈ ಮಾತನ್ನು ತಳ್ಳಿಹಾಕಬಾರದು. ಬಾವಿಯ ನೀರು ಕುಡಿಯಲು ಯೋಗ್ಯವೇ, ಮಗುವಿಗೆ ಬಂದ ಜ್ವರ ಯಾವುದು, ಇವಕ್ಕೆ ಪರೀಕ್ಷೆಯೇ ಬೇಕು. ಮಗುವನ್ನು ಆಸ್ಪತ್ರೆಗೆ ಒಯ್ಯದೆ ಹರಕೆ ಮಾತ್ರ ಹೊತ್ತವನದು ನಿಷ್ಠೆಯಲ್ಲ, ಹೊಣೆಗೇಡಿತನ. ನಿಷ್ಠೆಯ ಬೆಲೆಯನ್ನು ನಂಬಿದವನು ತಾನೇ ತೆರಬೇಕು. ಇನ್ನೊಬ್ಬರ ಪ್ರಾಣದಿಂದ ತೆರಿಸಬಾರದು.

ಆದ್ದರಿಂದ ಮಕ್ಕಳು ಸಾಕ್ಷಿ ಕೇಳಿದಾಗ ಸಿಟ್ಟಾಗಬೇಡಿ. ವಾದದಲ್ಲಿ ಗೆಲ್ಲಲೂ ಹೋಗಬೇಡಿ. ಲಿಂಗ ಧರಿಸಿದವನ ತಕ್ಕಡಿ ನೇರವಾಗಿದೆಯೇ, ಹಸಿದು ಬಂದವರಿಗೆ ಅವನ ಮನೆಯಲ್ಲಿ ದಾಸೋಹವಿದೆಯೇ ಎಂದು ಅವರು ನೋಡುತ್ತಲೇ ಇರುತ್ತಾರೆ. ನಾವು ಕೊಡಬಹುದಾದ ಸಾಕ್ಷಿ ಅದು.