ಫಲನಭಾಷೆಯ ಕಂಪೈಲರ್: ಅದರ ಅಂತರಂಗ ಮತ್ತು ದೋಷಶೋಧನೆ

ಮನುಷ್ಯನು ಬರೆದ ಆದೇಶಗಳನ್ನು ಗಣಕಯಂತ್ರವು ನೇರವಾಗಿ ಗ್ರಹಿಸಲಾರದು. ಅದಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದುಗಳ ಸಂಕೇತ ಮಾತ್ರ. ಆದುದರಿಂದ ಮನುಷ್ಯರಿಗೆ ಓದಿ ಬರೆಯಲು ಅನುಕೂಲವಾದ ಕೃತಕ ಭಾಷೆಗಳನ್ನು ವಿದ್ವಾಂಸರು ರಚಿಸಿದ್ದಾರೆ. ಆ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಸಂಕೇತಕ್ಕೆ ಪರಿವರ್ತಿಸುವ ಅನುವಾದಕಕ್ಕೆ ಕಂಪೈಲರ್ ಎಂದು ಹೆಸರು. ಅದು ಯಂತ್ರದ ಭಾಗವಲ್ಲ. ತಾನೂ ಒಂದು ಪ್ರೋಗ್ರಾಮೇ.

ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳುವವನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಶಾಲೆಯಲ್ಲಿ ಓದಿ ಈಗ ಗಣಕ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ನನ್ನಲ್ಲಿ ಒಂದು ಮಾತನ್ನು ಪದೇ ಪದೇ ಹೇಳಿದ್ದಾರೆ. ಕನ್ನಡ ಮಾಧ್ಯಮದಿಂದ ಹೋದ ಹುಡುಗ ಹುಡುಗಿಯರು ಕಾಲೇಜಿನ ಪ್ರಯೋಗಾಲಯದಲ್ಲಿ ಎದೆಗುಂದುವುದು ಕಂಪೈಲರು ನೀಡುವ ದೋಷಸೂಚನೆಯ ಮುಂದೆ. ಕೆಲವರು ಇದು ತಮಗೆ ದಕ್ಕುವ ವಿದ್ಯೆಯಲ್ಲವೆಂದು ಬೇರೆ ದಾರಿ ಹಿಡಿಯುವುದೂ ಉಂಟು. ಇಂಗ್ಲಿಷಿನ ಕೊರತೆಯೇ ಇದಕ್ಕೆ ಕಾರಣವೆಂದು ಸಾಮಾನ್ಯ ಅಭಿಪ್ರಾಯ. ನಾನು ಅಂಥ ಸೂಚನೆಗಳನ್ನು ಬರೆಯಿಸಿ ತರಿಸಿಕೊಂಡು, ತಿಳಿದವರ ಪಕ್ಕದಲ್ಲಿ ಕುಳಿತು ಓದಿದೆನು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಪದಗಳು ಬಹಳವಿಲ್ಲ. ಒಂದು ವಾರದಲ್ಲಿ ಕಲಿಸಬಹುದು. ತೊಡಕು ಬೇರೆಡೆ ಇದೆ. ಕಂಪೈಲರಿಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬುದನ್ನು ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಅದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಉದಾಹರಣೆಗೆ ಹ್ಯಾಸ್ಕೆಲ್ ಎಂಬ ಭಾಷೆಯನ್ನು ತೆಗೆದುಕೊಂಡಿದ್ದೇನೆ. ಇದು ಫಲನಪ್ರಧಾನ ಭಾಷೆ. ಗಣಿತದ ಉಪಾಧ್ಯಾಯರು ಫಂಕ್ಷನ್ ಎನ್ನುವುದೇ ಫಲನ: ಒಂದು ಬೆಲೆಯನ್ನು ಕೊಟ್ಟರೆ ನಿಯತವಾದ ಇನ್ನೊಂದು ಬೆಲೆಯನ್ನು ಮರಳಿಸುವ ವಿಧಿ. ಇತರ ಅನೇಕ ಭಾಷೆಗಳಲ್ಲಿ ಪ್ರೋಗ್ರಾಮೆಂದರೆ 'ಇದನ್ನು ಮಾಡು, ಅನಂತರ ಅದನ್ನು ಮಾಡು' ಎಂಬ ಆಜ್ಞೆಗಳ ಸಾಲು. ಇಲ್ಲಿ ಅದು ಫಲನಗಳ ಲಕ್ಷಣಗಳ ಸಮೂಹ. ಇದರ ತಾತ್ವಿಕ ಮೂಲವು 1930ರ ದಶಕದಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ರಚಿಸಿದ ಲ್ಯಾಂಬ್ಡಾ ಕಲನದಲ್ಲಿದೆ. 1987ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಸೇರಿದ್ದ ವಿದ್ವಾಂಸರು, ಇಂಥ ಭಾಷೆಗಳು ಹತ್ತಾರಾಗಿ ಚದುರಿಹೋಗಿರುವುದನ್ನು ಕಂಡು, ಎಲ್ಲರಿಗೂ ಸಮಾನವಾದ ಒಂದನ್ನು ರೂಪಿಸಲು ಸಮಿತಿಯೊಂದನ್ನು ಮಾಡಿಕೊಂಡರು. 1990ರಲ್ಲಿ ಭಾಷೆಯ ಮೊದಲ ಲಕ್ಷಣಗ್ರಂಥ ಹೊರಬಂದಿತು. ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಎಂಬವರ ಸ್ಮರಣಾರ್ಥ ಅದಕ್ಕೆ ಆ ಹೆಸರಾಯಿತು. ಇದರ ಪ್ರಮುಖ ಕಂಪೈಲರಿನ ಕೆಲಸ 1989ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಮೊದಲಾಯಿತು. ಸೈಮನ್ ಪೇಟನ್ ಜೋನ್ಸ್ ಅದರ ಶಿಲ್ಪಿಗಳಲ್ಲಿ ಅಗ್ರಗಣ್ಯರು. ಊರಿನ ಹೆಸರಿನಿಂದಲೇ ಅದಕ್ಕೆ ಜಿ.ಎಚ್.ಸಿ. ಎಂಬ ಸಂಕ್ಷಿಪ್ತ ನಾಮ ಬಂದಿದೆ. ಆ ಕಂಪೈಲರು ಬಹುಮಟ್ಟಿಗೆ ಹ್ಯಾಸ್ಕೆಲಿನಲ್ಲಿಯೇ ಬರೆಯಲ್ಪಟ್ಟಿದೆ. ಹಳೆಯ ಆವೃತ್ತಿಯು ಹೊಸ ಆವೃತ್ತಿಯನ್ನು ಅನುವಾದಿಸುತ್ತದೆ.

ಮೊದಲು ಕಂಪೈಲರು ಅಕ್ಷರಗಳ ಸಾಲನ್ನು ಪದಗಳಾಗಿ ಬಿಡಿಸುತ್ತದೆ. ಪದಚ್ಛೇದವಾದ ಮೇಲೆ ವಾಕ್ಯದ ಅನ್ವಯವನ್ನು ನೋಡಿ ವೃಕ್ಷಾಕಾರವಾಗಿ ಜೋಡಿಸುತ್ತದೆ. ಬಳಿಕ ಪ್ರತಿಯೊಂದು ಹೆಸರೂ ಯಾವ ಲಕ್ಷಣವಾಕ್ಯವನ್ನು ಸೂಚಿಸುತ್ತದೆಂದು ಗೊತ್ತುಮಾಡುತ್ತದೆ. ಈ ಹಂತಗಳ ದೋಷಗಳು ಹೆಚ್ಚು ಕಾಡುವುದಿಲ್ಲ. ಒಂದು ಆವರಣ ಮುಚ್ಚದಿರುವುದು, ಹೆಸರಿನ ಕಾಗುಣಿತ ತಪ್ಪಿರುವುದು ಮುಂತಾದವನ್ನು ಸೂಚನೆಯು ಹೇಳಿದ ಸ್ಥಳದಲ್ಲಾಗಲಿ ಅದಕ್ಕೆ ತುಸು ಮೇಲಾಗಲಿ ಹುಡುಕಿದರೆ ಸಿಕ್ಕುತ್ತವೆ. ಹ್ಯಾಸ್ಕೆಲಿನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆಯೆಂಬುದನ್ನು ಮಾತ್ರ ನೆನಪಿಡಬೇಕು.

ನಿಜವಾದ ಕಷ್ಟವು ಮುಂದಿನ ಹಂತದಲ್ಲಿದೆ. ಸಂಖ್ಯೆ, ಅಕ್ಷರ, ಸತ್ಯಾಸತ್ಯ, ಇವುಗಳ ಪಟ್ಟಿ ಎಂದು ಮೊದಲಾಗಿ ಬೆಲೆಗಳಲ್ಲಿ ಭೇದಗಳಿವೆ. ಇಂಗ್ಲಿಷಿನಲ್ಲಿ ಟೈಪ್ ಎನ್ನುತ್ತಾರೆ. ಇದಕ್ಕೆ 'ಜಾತಿ' ಎಂಬ ಮಾತನ್ನು ಸೂಚಿಸಿದವರಿದ್ದಾರೆ; ತರ್ಕಶಾಸ್ತ್ರದ ದೃಷ್ಟಿಯಿಂದ ಸಾಧುವೇ ಆದರೂ ನಮ್ಮ ಮಕ್ಕಳ ಬಾಯಲ್ಲಿ ಆ ಮಾತನ್ನು ಇನ್ನೊಂದು ಪಾಠದಲ್ಲಿಯೂ ತುರುಕಲು ನನಗೆ ಮನಸ್ಸಿಲ್ಲ. 'ಬಗೆ' ಎಂಬ ಅಚ್ಚಗನ್ನಡ ಪದ ಸಾಕು. ಸಂಖ್ಯೆಗೆ ಪಟ್ಟಿಯನ್ನು ಕೂಡಿಸಲಾಗದು. ಬಗೆ ಬಗೆಗೆ ಹೊಂದಬೇಕು. ಬರೆಯುವವನು ಬಗೆಗಳನ್ನು ಹೇಳದೆ ಬಿಟ್ಟರೂ ಕಂಪೈಲರು ಅವನ್ನು ತಾನೇ ಊಹಿಸಿಕೊಳ್ಳುವುದು ಈ ಭಾಷೆಯ ವೈಶಿಷ್ಟ್ಯ. ಗೊತ್ತಿಲ್ಲದ ಬಗೆಗೆ ಒಂದು ಅವ್ಯಕ್ತವನ್ನು ಇಟ್ಟುಕೊಂಡು, ಪ್ರತಿಯೊಂದು ಪ್ರಯೋಗದಿಂದಲೂ ಒಂದೊಂದು ಸಮೀಕರಣವನ್ನು ಪಡೆದು, ಬೀಜಗಣಿತದಂತೆ ಬಿಡಿಸುತ್ತ ಹೋಗುತ್ತದೆ. ಈ ಕ್ರಮವನ್ನು 1969ರಲ್ಲಿ ರೋಜರ್ ಹಿಂಡ್ಲಿ ತರ್ಕಶಾಸ್ತ್ರದಲ್ಲಿಯೂ, 1978ರಲ್ಲಿ ರಾಬಿನ್ ಮಿಲ್ನರ್ ಗಣಕಭಾಷೆಗಳಿಗಾಗಿಯೂ ನಿರೂಪಿಸಿದರು.

ಸಮೀಕರಣಗಳು ಪರಸ್ಪರ ವಿರೋಧಿಸಿದಾಗ ದೋಷಸೂಚನೆ ಹೊರಡುತ್ತದೆ. ಇಲ್ಲಿಯೇ ಸೂಕ್ಷ್ಮವಿರುವುದು. 'ಹುಡುಗನು ಬಂದಳು' ಎಂಬ ವಾಕ್ಯವನ್ನು ಉಪಾಧ್ಯಾಯರ ಮುಂದಿಟ್ಟು, ಇದರಲ್ಲಿ ತಪ್ಪು ಯಾವ ಪದದಲ್ಲಿದೆ ಎಂದು ಕೇಳಿದರೆ ಏನು ಹೇಳಿಯಾರು? ಕರ್ತೃಪದಕ್ಕೂ ಕ್ರಿಯಾಪದಕ್ಕೂ ಲಿಂಗದಲ್ಲಿ ಹೊಂದಾಣಿಕೆಯಿಲ್ಲವೆಂಬುದು ನಿಶ್ಚಯ. ಆದರೆ ಬರೆದವನ ಮನಸ್ಸಿನಲ್ಲಿದ್ದುದು 'ಹುಡುಗಿಯು ಬಂದಳು' ಎಂದೋ 'ಹುಡುಗನು ಬಂದನು' ಎಂದೋ ವಾಕ್ಯವೊಂದರಿಂದಲೇ ತಿಳಿಯದು. ಕಂಪೈಲರಿನ ಸ್ಥಿತಿಯೂ ಇದೇ. ಅದಕ್ಕೆ ಕಾಣುವುದು ವಿರೋಧ, ತಪ್ಪಲ್ಲ. ಎಡದಿಂದ ಬಲಕ್ಕೆ ಓದುವವನು ಸಹಜವಾಗಿ 'ಬಂದಳು' ಎಂಬಲ್ಲಿ ಬೆರಳಿಡುವಂತೆ, ಕಂಪೈಲರೂ ವಿರೋಧವು ತನಗೆ ಎದುರಾದ ಸ್ಥಳದಲ್ಲಿ ಬೆರಳಿಡುತ್ತದೆ. ತಪ್ಪು ನಡೆದ ಸ್ಥಳ ಮೂವತ್ತು ಸಾಲು ಹಿಂದೆ ಇರಬಹುದು.

ಪ್ರತ್ಯಕ್ಷ ಉದಾಹರಣೆಯನ್ನು ನೋಡೋಣ. ಓದುಗರ ಸೌಕರ್ಯಕ್ಕಾಗಿ ಹೆಸರುಗಳನ್ನು ಕನ್ನಡದಲ್ಲಿಯೇ ಕೊಡುತ್ತೇನೆ. ಹ್ಯಾಸ್ಕೆಲಿನಲ್ಲಿ + ಎಂಬುದು ಸಂಖ್ಯೆಗಳನ್ನು ಕೂಡುವ ಚಿಹ್ನೆ. ++ ಎಂಬುದು ಎರಡು ಪಟ್ಟಿಗಳನ್ನು ಒಂದರ ಹಿಂದೊಂದಾಗಿ ಜೋಡಿಸುವ ಚಿಹ್ನೆ. ಎರಡು ವಿಷಯಗಳ ಅಂಕಗಳನ್ನು ಕೂಡುವ ಫಲನವನ್ನು ವಿದ್ಯಾರ್ಥಿಯು ಮೇಲಿನ ಸಾಲಿನಲ್ಲಿ ಹೀಗೆ ಬರೆದನೆನ್ನಿ:

ಸೇರಿಸು ಅ ಆ = ಅ ++ ಆ

ಕೈತಪ್ಪಿ ಒಂದರ ಬದಲು ಎರಡು ಗೀಟುಗಳು ಬಿದ್ದಿವೆ. ಈ ಸಾಲಿನಲ್ಲಿ ಕಂಪೈಲರಿಗೆ ಯಾವ ದೋಷವೂ ಕಾಣದು. 'ಸೇರಿಸು' ಎಂಬುದು ಪಟ್ಟಿಗಳನ್ನು ಜೋಡಿಸುವ ಫಲನವೆಂದು ಊಹಿಸಿ ಮುಂದೆ ಸಾಗುತ್ತದೆ. ಬಹಳ ಕೆಳಗೆ 'ಸೇರಿಸು 35 48' ಎಂಬ ಸರಿಯಾದ ಪ್ರಯೋಗ ಬಂದಾಗ ಅದು ನಿಂತುಬಿಡುತ್ತದೆ. ಪಟ್ಟಿಯನ್ನು ಸಂಖ್ಯೆಯಾಗಿ ಎಣಿಸುವ ವಿಧಾನವೊಂದು ತನಗೆ ಬೇಕಾಗಿದೆ, ಅದು ಎಲ್ಲಿಯೂ ಇಲ್ಲ, ಈ ಅಗತ್ಯವು 35 ಎಂಬ ಅಂಕಿಯಿಂದ ಉದ್ಭವಿಸಿತು ಎಂಬರ್ಥದ ದೂರು ಬರುತ್ತದೆ. ನಿರಪರಾಧಿಯಾದ 35ನ್ನು ವಿದ್ಯಾರ್ಥಿಯು ಹಿಡಿದುಕೊಳ್ಳುತ್ತಾನೆ. ಅದನ್ನು ಅಳಿಸಿ ಬರೆಯುತ್ತಾನೆ, ಆವರಣ ಹಾಕುತ್ತಾನೆ, ಉದ್ಧರಣ ಚಿಹ್ನೆ ಹಾಕುತ್ತಾನೆ. ಉದ್ಧರಣ ಚಿಹ್ನೆ ಹಾಕಿದರಂತೂ ಅನಾಹುತವೇ: ಅಕ್ಷರಗಳ ಸಾಲೂ ಒಂದು ಪಟ್ಟಿಯಾದುದರಿಂದ, ಎರಡು ಅಂಕಿಗಳಿಗೂ ಹಾಗೆ ಮಾಡಿದ ಕೂಡಲೇ ದೂರು ನಿಂತು 3548 ಎಂಬ ಉತ್ತರ ಬರುತ್ತದೆ. ಎರಡು ವಿಷಯಗಳಿಗೆ ಮೂರು ಸಾವಿರದ ಐನೂರ ನಲವತ್ತೆಂಟು ಅಂಕ!

ಪರಿಹಾರವು ಸುಲಭವಿದೆ. ಫಲನದ ಮೇಲೆ ಒಂದು ಸಾಲನ್ನು ಬರೆದು, 'ಇದು ಎರಡು ಪೂರ್ಣಾಂಕಗಳನ್ನು ಪಡೆದು ಪೂರ್ಣಾಂಕವನ್ನು ಕೊಡುತ್ತದೆ' ಎಂದು ಬಗೆಯನ್ನು ಘೋಷಿಸಬೇಕು. ಆಗ ದೂರು ತಾನಾಗಿ ಸ್ಥಳ ಬದಲಿಸಿ ++ ಇರುವ ಸಾಲಿಗೇ ಬಂದು ಕೂರುತ್ತದೆ. ಕಥೆಯ ಮೊದಲಿಗೇ ಬಂದವಳು ಹುಡುಗಿಯೆಂದು ಹೇಳಿಬಿಟ್ಟರೆ 'ಹುಡುಗನು' ಎಂಬುದೇ ತಪ್ಪೆಂದು ಯಾರೂ ಹೇಳಬಲ್ಲರಷ್ಟೆ. ಬರೆಯುವವನ ಅಭಿಪ್ರಾಯವನ್ನು ಕಂಪೈಲರಿಗೆ ತಿಳಿಸುವ ಮಾರ್ಗ ಇದು. ಕೆಲವರು ಇದನ್ನು ಅನಾವಶ್ಯಕ ಶ್ರಮವೆಂದು ಬಿಟ್ಟುಬಿಡುತ್ತಾರೆ. ಕಲಿಯುವವರಿಗೆ ಆ ಸ್ವಾತಂತ್ರ್ಯ ಕೊಡಲೇಬಾರದೆಂದು ನನ್ನ ಮತ. ಇನ್ನೊಂದು ಉಪಾಯವೂ ಇದೆ. ಏನು ಬರೆಯಬೇಕೆಂದು ತೋಚದ ಸ್ಥಳದಲ್ಲಿ ಒಂದು ಅಡಿಗೆರೆಯನ್ನಿಟ್ಟರೆ, ಇಲ್ಲಿ ಇಂಥ ಬಗೆಯ ಬೆಲೆ ಬೇಕಾಗಿದೆಯೆಂದು ಕಂಪೈಲರೇ ಹೇಳುತ್ತದೆ. 2014ರ 7.8ನೆಯ ಆವೃತ್ತಿಯಿಂದ ಈ ಅನುಕೂಲವಿದೆ. 2023ರ 9.6ನೆಯ ಆವೃತ್ತಿಯಿಂದ ಪ್ರತಿಯೊಂದು ವಿಧದ ದೂರಿಗೂ ಐದಂಕಿಯ ಸಂಖ್ಯೆಯನ್ನು ಕೊಟ್ಟಿದ್ದಾರೆ. ಮೇಲಿನ ದೂರಿನ ಸಂಖ್ಯೆ 39999. ಸಂಖ್ಯೆಯನ್ನು ಹಿಡಿದು ವಿವರಣೆಯನ್ನು ಹುಡುಕಬಹುದಾದುದರಿಂದ ಇಂಗ್ಲಿಷಿನ ಭಯವೂ ಅಷ್ಟು ಕಡಮೆಯಾಯಿತು.

ಬಗೆಗಳ ಪರೀಕ್ಷೆ ಮುಗಿದ ಮೇಲೆ ಪ್ರೋಗ್ರಾಮು 'ಕೋರ್' ಎಂಬ ಒಂದು ಸಣ್ಣ ಭಾಷೆಗೆ ಇಳಿಯುತ್ತದೆ. ಹ್ಯಾಸ್ಕೆಲಿನ ಸಮಸ್ತ ಅಲಂಕಾರಗಳೂ ಇಲ್ಲಿ ಕಳಚಿ ಬಿದ್ದು ಹತ್ತರಷ್ಟು ವಾಕ್ಯರೂಪಗಳು ಮಾತ್ರ ಉಳಿಯುತ್ತವೆ. 1972ರಲ್ಲಿ ಫ್ರಾನ್ಸಿನ ಜಿರಾರ್ ಮತ್ತು 1974ರಲ್ಲಿ ಅಮೆರಿಕದ ರೆನಾಲ್ಡ್ಸ್ ಎಂಬವರು ಒಬ್ಬರನ್ನೊಬ್ಬರು ಅರಿಯದೆ ಕಂಡುಹಿಡಿದ ತರ್ಕಪದ್ಧತಿಯೇ ಇದರ ಬುನಾದಿ. ಪ್ರೋಗ್ರಾಮನ್ನು ವೇಗಗೊಳಿಸುವ ಪರಿಷ್ಕರಣಗಳು ಹೆಚ್ಚಾಗಿ ನಡೆಯುವುದು ಈ ಕೋರ್ ಭಾಷೆಯಲ್ಲಿ. ಉದಾಹರಣೆಗೆ, ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಒಂದು ಫಲನವನ್ನು ಹಚ್ಚಿ, ಬಂದ ಪಟ್ಟಿಗೆ ಮತ್ತೊಂದು ಫಲನವನ್ನು ಹಚ್ಚುವುದಿದ್ದರೆ, ಎರಡು ಸಾರಿ ನಡೆಯುವ ಬದಲು ಒಂದೇ ಸಾರಿ ನಡೆದು ಎರಡನ್ನೂ ಹಚ್ಚಬಹುದು. ಇಂಥ ಆದೇಶವಿಧಿಗಳನ್ನು ಪ್ರೋಗ್ರಾಮು ಬರೆಯುವವರೂ ಸೇರಿಸಬಹುದು. ಆದರೆ ವಿಧಿಯು ಅರ್ಥಕ್ಕೆ ಭಂಗ ತಾರದೆಂಬುದನ್ನು ಕಂಪೈಲರು ಪರೀಕ್ಷಿಸುವುದಿಲ್ಲ. ಅದು ಬರೆದವರ ಹೊಣೆ.

ವ್ಯಾಕರಣ ಓದಿದವರಿಗೆ ಇಲ್ಲಿ ಹಳೆಯ ಪರಿಚಿತರನ್ನು ಕಂಡಂತಾಗುತ್ತದೆ. ಒಂದು ವಿಧಿ ಮೊದಲೇ ಪ್ರವರ್ತಿಸಿ ಇನ್ನೊಂದು ವಿಧಿಗೆ ಬೇಕಾದ ನಿಮಿತ್ತವನ್ನೇ ಅಳಿಸಿಬಿಟ್ಟರೆ, ಎರಡನೆಯದು ವ್ಯರ್ಥವಾಗುತ್ತದೆ. ಆದುದರಿಂದ ಕಂಪೈಲರಿನ ಪರಿಷ್ಕರಣವನ್ನು 2, 1, 0 ಎಂದು ಇಳಿಮುಖವಾಗಿ ಎಣಿಸುವ ಹಂತಗಳಾಗಿ ವಿಭಾಗಿಸಿದ್ದಾರೆ. 'ಈ ಫಲನದ ಒಡಲನ್ನು 1ನೆಯ ಹಂತದವರೆಗೆ ಬಿಡಿಸಬೇಡ' ಎಂದು ಬರೆಯುವವನು ಕಟ್ಟುಮಾಡಬಹುದು. ಪಾಣಿನಿಯು ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ವಿಧಿಗಳನ್ನು ಹಿಂದಿನ ವಿಧಿಗಳ ದೃಷ್ಟಿಗೆ ಅಸಿದ್ಧವೆಂದು, ಎಂದರೆ ನಡೆದೇ ಇಲ್ಲವೆಂಬಂತೆ, ಇರಿಸಿದ್ದೂ ಇಂಥ ತೊಡಕಿನ ನಿವಾರಣೆಗಾಗಿಯೇ. ಹಾಗೆಂದು ಗಣಕವಿದ್ಯೆಯೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಹೇಳುವ ಉತ್ಸಾಹಿಗಳ ಸಾಲಿಗೆ ನಾನು ಸೇರಿದವನಲ್ಲ. ತೊಡಕು ಒಂದೇ ಆದಾಗ ಪರಿಹಾರಗಳೂ ಸಮೀಪದಲ್ಲಿರುತ್ತವೆ, ಅಷ್ಟೆ. ತಾನು ಬರೆದ ವಿಧಿ ಏಕೆ ಪ್ರವರ್ತಿಸಲಿಲ್ಲವೆಂದು ತಿಳಿಯಬೇಕಾದವನು ಕೋರ್ ರೂಪವನ್ನು ಮುದ್ರಿಸುವಂತೆ ಕಂಪೈಲರಿಗೆ ಹೇಳಿ, ಶಬ್ದಸಿದ್ಧಿಯ ಪ್ರಕ್ರಿಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡುವ ವಿದ್ಯಾರ್ಥಿಯಂತೆ ಓದಿಕೊಳ್ಳಬೇಕು.

ಎಲ್ಲ ಪರೀಕ್ಷೆಗಳನ್ನೂ ದಾಟಿದ ಪ್ರೋಗ್ರಾಮು ಓಡುವಾಗ ಕುಸಿಯುವುದೂ ಉಂಟು. ಹ್ಯಾಸ್ಕೆಲ್ ಆಲಸ್ಯದ ಭಾಷೆ. ಬೇಕೆಂದು ಕೇಳುವವರೆಗೆ ಯಾವ ಲೆಕ್ಕವನ್ನೂ ಮಾಡದು. 1ರಿಂದ 10 ಲಕ್ಷದವರೆಗಿನ ಸಂಖ್ಯೆಗಳನ್ನು ಎಡದಿಂದ ಕೂಡುತ್ತ ಬಾ ಎಂದರೆ, 'ಹಿಂದಿನ ಮೊತ್ತಕ್ಕೆ ಇದನ್ನು ಕೂಡಬೇಕು' ಎಂದು ಒಂದೊಂದು ಚೀಟಿ ಬರೆದು ಪೇರಿಸುತ್ತ ಹೋಗುವ ಗುಮಾಸ್ತನಂತೆ ವರ್ತಿಸುತ್ತದೆ. ಕೊನೆಗೆ ಮೊತ್ತ ಕೇಳಿದಾಗ 10 ಲಕ್ಷ ಚೀಟಿಗಳು ಸ್ಮರಣಕೋಶವನ್ನು ತುಂಬಿರುತ್ತವೆ. ಪರಿಷ್ಕರಣ ಮಾಡೆಂದು ಕಂಪೈಲರಿಗೆ ಹೇಳಿದ್ದರೆ, ಈ ಮೊತ್ತ ಹೇಗೂ ಬೇಕಾಗುವುದೇ ಎಂದು ಅದು ಮೊದಲೇ ವಿವೇಚಿಸಿ ಚೀಟಿ ಬರೆಯದೆ ಕೂಡಿಬಿಡುತ್ತದೆ. ಹೀಗೆ ಒಂದೇ ಪ್ರೋಗ್ರಾಮು ಒಬ್ಬನ ಮೇಜಿನಲ್ಲಿ ಚೆನ್ನಾಗಿ ಓಡಿ ಇನ್ನೊಬ್ಬನ ಮೇಜಿನಲ್ಲಿ ಮುಗ್ಗರಿಸುತ್ತದೆ. ಒಡನೊಡನೆ ಕೂಡುವ ಇನ್ನೊಂದು ಫಲನವು ಗ್ರಂಥಭಂಡಾರದಲ್ಲಿದೆ. ಎರಡರ ಹೆಸರಿನಲ್ಲಿ ಒಂದು ಮೇಲ್ಗೊರೆಯಷ್ಟೇ ವ್ಯತ್ಯಾಸ. ಹಿಂದೆ ಅದನ್ನು ಬೇರೆ ಹೊತ್ತಗೆಯಿಂದ ಕೇಳಿ ತರಬೇಕಾಗಿತ್ತು; 2024ರ 9.10ನೆಯ ಆವೃತ್ತಿಯಿಂದ ಎಲ್ಲರಿಗೂ ಸಹಜವಾಗಿಯೇ ದೊರೆಯುತ್ತದೆ.

ಕಂಪೈಲರೇ ತಪ್ಪುವುದಿಲ್ಲವೇ? ತಪ್ಪುತ್ತದೆ, ಅಪರೂಪವಾಗಿ. ಅದಕ್ಕಾಗಿ ಕೋರ್ ಭಾಷೆಯಲ್ಲಿ ಬಗೆಗಳನ್ನು ಅಳಿಸದೆ ಉಳಿಸಿಕೊಂಡಿದ್ದಾರೆ. ಒಂದೊಂದು ಪರಿಷ್ಕರಣದ ತರುವಾಯ ಬಗೆಗಳು ಇನ್ನೂ ಹೊಂದುತ್ತವೆಯೇ ಎಂದು ಮರುಪರೀಕ್ಷಿಸುವ ವ್ಯವಸ್ಥೆಯಿದೆ. ಯಾವ ಮೆಟ್ಟಿಲಿನಲ್ಲಿ ಕೆಟ್ಟಿತೆಂಬುದು ಅದರಿಂದ ತಿಳಿಯುತ್ತದೆ. ಒಳಗಿನ ಕಟ್ಟು ಪೂರ್ತಿ ಮುರಿದಾಗ 'ಅಸಂಭವವು ಸಂಭವಿಸಿತು' ಎಂಬರ್ಥದ ಒಂದು ಉದ್ಗಾರವನ್ನು ಹೊರಡಿಸಿ, ಇದನ್ನು ದಯವಿಟ್ಟು ವರದಿ ಮಾಡಿರೆಂದು ಕೇಳಿಕೊಂಡು ಕಂಪೈಲರು ನಿಂತುಹೋಗುತ್ತದೆ. ಆಗ ವಿದ್ಯಾರ್ಥಿಯು ಮಾಡಬೇಕಾದ ಕೆಲಸವೆಂದರೆ ಪ್ರೋಗ್ರಾಮನ್ನು ಕತ್ತರಿಸುತ್ತ ಬರುವುದು: ಒಂದು ಭಾಗವನ್ನು ತೆಗೆದು ನೋಡಬೇಕು, ದೋಷ ಉಳಿದಿದ್ದರೆ ತೆಗೆದದ್ದು ನಿಮಿತ್ತವಲ್ಲ, ಮಾಯವಾದರೆ ಅದನ್ನು ಮರಳಿ ಇಟ್ಟು ಬೇರೊಂದನ್ನು ತೆಗೆಯಬೇಕು. ಹೀಗೆ ಸಾವಿರ ಸಾಲಿನ ಬರೆಹ ಹತ್ತು ಸಾಲಿಗೆ ಇಳಿಯುತ್ತದೆ. ಆ ಹತ್ತು ಸಾಲನ್ನೂ ಕಂಪೈಲರಿನ ಆವೃತ್ತಿಯ ಸಂಖ್ಯೆಯನ್ನೂ ಕಳುಹಿಸಿಕೊಟ್ಟರೆ, ಅದನ್ನು ಸರಿಪಡಿಸುವವರು ಆ ಮಾದರಿಯನ್ನು ತಮ್ಮ ಪರೀಕ್ಷಾಸಂಗ್ರಹಕ್ಕೆ ಸೇರಿಸಿಕೊಳ್ಳುತ್ತಾರೆ. ಮುಂದಿನ ಆವೃತ್ತಿಗಳು ಅದರಲ್ಲಿ ಉತ್ತೀರ್ಣವಾಗಬೇಕು. ಎಲ್ಲಿಯೋ ಒಬ್ಬ ವಿದ್ಯಾರ್ಥಿ ಕಳುಹಿಸಿದ ಹತ್ತು ಸಾಲು ಹೀಗೆ ಕಂಪೈಲರಿಗೇ ಪ್ರಶ್ನೆಪತ್ರಿಕೆಯಾಗುತ್ತದೆ.